ತೊಂಬತ್ತೇಳಕ್ಕೆ ನಿಲ್ಲಿಸಬೇಡಿ

ಮಡಿಕೇರಿಯಲ್ಲಿ ಗಣಿತ ಕಲಿಸುವ ನನಗೆ ವರ್ಷವರ್ಷವೂ ಎದುರಾಗುವ ತಪ್ಪೊಂದಿದೆ. ದೊಡ್ಡ ಸಂಖ್ಯೆಯೊಂದನ್ನು ಕೊಟ್ಟು ಇದು ಅವಿಭಾಜ್ಯವೇ, ಅಂದರೆ 1 ಮತ್ತು ತನ್ನನ್ನು ಬಿಟ್ಟು ಬೇರೆ ಯಾವ ಸಂಖ್ಯೆಯಿಂದಲೂ ಶೇಷವಿಲ್ಲದೆ ಭಾಗವಾಗದ್ದೇ ಎಂದು ಕೇಳಿದರೆ, ಮಕ್ಕಳು 2, 3, 5, 7, ಹೆಚ್ಚೆಂದರೆ 11 ಮತ್ತು 13ರಿಂದ ಭಾಗಿಸಿ ನೋಡುತ್ತಾರೆ; ಪ್ರತಿ ಸಲವೂ ಶೇಷ ಉಳಿದರೆ ‘ಅವಿಭಾಜ್ಯ’ ಎಂದು ಬರೆದು ಅಡಿಗೆರೆ ಎಳೆದುಬಿಡುತ್ತಾರೆ. ಸಣ್ಣ ಭಾಜಕ ಸಿಗಲಿಲ್ಲವೆಂದ ಮಾತ್ರಕ್ಕೆ ಭಾಜಕವೇ ಇಲ್ಲವೆಂದು ತೀರ್ಮಾನಿಸುವಂತಿಲ್ಲ ಎಂದು ಎಷ್ಟು ಸಲ ಹೇಳಿದರೂ ಸಾಲುತ್ತಿಲ್ಲ.

ಎಲ್ಲಿಯವರೆಗೆ ಭಾಗಿಸಬೇಕು ಎಂಬುದು ಕಾಫಿ ನರ್ಸರಿಯಲ್ಲಿ ನಿಂತು ಯೋಚಿಸಿದರೆ ತಿಳಿಯುತ್ತದೆ. ಸಸಿಯ ಚೀಲಗಳನ್ನು ಒಂದೂ ಮಿಗದಂತೆ ಸಮನಾದ ಸಾಲುಗಳಲ್ಲಿ ಜೋಡಿಸಿದರೆ ಆಯತವಾಗುತ್ತದೆ. ಅದರ ಎರಡು ಬದಿಗಳೇ ಒಟ್ಟು ಸಂಖ್ಯೆಯ ಭಾಜಕಗಳು. ಒಟ್ಟು ಸಂಖ್ಯೆ ಅವಿಭಾಜ್ಯವಾಗಿದ್ದರೆ ಒಂದೇ ಉದ್ದ ಸಾಲಿನ ಹೊರತು ಬೇರೆ ಜೋಡಣೆ ಸಾಧ್ಯವಿಲ್ಲ. ಚೀಲಗಳು 10,403 ಇವೆ ಎಂದಿಟ್ಟುಕೊಳ್ಳಿ. 102ನ್ನು 102ರಿಂದ ಗುಣಿಸಿದರೆ 10,404, ಅಂದರೆ ನಮ್ಮಲ್ಲಿರುವುದಕ್ಕಿಂತ ಒಂದು ಹೆಚ್ಚು. ಆದ್ದರಿಂದ ಎರಡೂ ಬದಿಗಳು 102 ಅಥವಾ ಅದಕ್ಕಿಂತ ದೊಡ್ಡವಾಗಿರಲು ಸಾಧ್ಯವೇ ಇಲ್ಲ. ಆಯತವಾಗುವುದಾದರೆ ಒಂದು ಬದಿ 101 ಅಥವಾ ಅದಕ್ಕಿಂತ ಚಿಕ್ಕದೇ ಆಗಿರಬೇಕು. ಹಾಗಾಗಿ 101ರವರೆಗಿನ ಅವಿಭಾಜ್ಯಗಳಿಂದ ಭಾಗಿಸಿದರೆ ಸಾಕು, ಆದರೆ ಅದಕ್ಕಿಂತ ಮೊದಲೇ ನಿಲ್ಲಿಸಿದರೆ ಸಾಲದು.

ಇದೇ ಸಂಖ್ಯೆಯನ್ನು ಕಳೆದ ಜುಲೈಯಲ್ಲಿ, ಸೋಮವಾರಪೇಟೆ ಕಡೆಯಿಂದ ಬಸ್ಸಿನಲ್ಲಿ ಬರುವ ಹುಡುಗಿಯೊಬ್ಬಳಿಗೆ ಕೊಟ್ಟಿದ್ದೆ. ಮಳೆಗೆ ಅಂಚು ನೆನೆದ ನೋಟುಪುಸ್ತಕದಲ್ಲಿ 2ರಿಂದ 97ರವರೆಗಿನ 25 ಭಾಗಾಕಾರಗಳನ್ನೂ ಒಂದರ ಕೆಳಗೊಂದು ಬರೆದಿದ್ದಳು. ಕೊನೆಯದರಲ್ಲಿ ಭಾಗಲಬ್ಧ 107, ಶೇಷ 24. ಅದರ ಕೆಳಗೆ ‘ಅವಿಭಾಜ್ಯ’. ಅಷ್ಟು ಶ್ರದ್ಧೆಯನ್ನು ಕಂಡು ಗದರಲು ಮನಸ್ಸಾಗಲಿಲ್ಲ.

“ಸರ್, ಅವಿಭಾಜ್ಯಗಳ ಪಟ್ಟಿ ನೂರಕ್ಕೇ ಮುಗಿಯಿತಲ್ಲ” ಎಂದಳು.

“102ರೊಳಗೆ ಇನ್ನೊಂದು ಉಳಿದಿದೆ ನೋಡಮ್ಮ” ಎಂದೆ.

101ರಿಂದ ಭಾಗಿಸಿದಳು. ಭಾಗಲಬ್ಧ 103, ಶೇಷ ಸೊನ್ನೆ.

ದೊಡ್ಡವರೂ ಎಡವಿದ್ದಾರೆ. 4,29,49,67,297 ಅವಿಭಾಜ್ಯವೆಂದು ಹೆಸರಾಂತ ಗಣಿತಜ್ಞ ಫರ್ಮಾ ನಂಬಿದ್ದ. 1732ರಲ್ಲಿ ಇನ್ನೊಬ್ಬ ಗಣಿತಜ್ಞ ಆಯ್ಲರ್ ಅದನ್ನು 641 ಮತ್ತು 67,00,417ರ ಗುಣಲಬ್ಧವೆಂದು ತೋರಿಸಿದ. ಇದರ ವರ್ಗಮೂಲ 65,536ಕ್ಕಿಂತ ಕೂದಲೆಳೆಯಷ್ಟು ಹೆಚ್ಚು, ಅದರೊಳಗಿನ ಅವಿಭಾಜ್ಯಗಳು 6,542. ಎಲ್ಲವನ್ನೂ ತಡಕಬೇಕಿಲ್ಲ, ಈ ಸಂಖ್ಯೆಯ ಅವಿಭಾಜ್ಯ ಭಾಜಕ ಯಾವುದಿದ್ದರೂ ಅದನ್ನು 64ರಿಂದ ಭಾಗಿಸಿದಾಗ 1 ಉಳಿಯಲೇಬೇಕು. ಅಂಥವು 193, 257, 449, 577, ಐದನೆಯದೇ 641. ಇಂಥ ನಿಯಮ ಕೈಯಲ್ಲಿದ್ದಾಗ ಸಂಖ್ಯೆಗಳನ್ನು ಬಿಟ್ಟು ಮುಂದೆ ಹೋಗಬಹುದು, ಬೇಸರ ಬಂತೆಂದು ಬಿಡುವಂತಿಲ್ಲ.

ನಾನು ಹೇಳಿದ ವಿಧಾನ ಕೈಯಲ್ಲಿ ಮಾಡುವ ಲೆಕ್ಕಕ್ಕೆ ಮಾತ್ರ. ನೂರಾರು ಅಂಕಿಗಳ ಸಂಖ್ಯೆಯಾದರೆ ವರ್ಗಮೂಲದವರೆಗೆ ಭಾಗಿಸುತ್ತಾ ಹೋಗುವುದು ಕಂಪ್ಯೂಟರಿಗೂ ಆಗದ ಕೆಲಸ. ಅದಕ್ಕೆ ಬೇರೆಯೇ ಪರೀಕ್ಷೆಗಳಿವೆ. ನಾಲ್ಕೈದು ಅಂಕಿಗಳ ಸಂಖ್ಯೆಯಾದರೆ, ಮೊದಲ ಭಾಗಾಕಾರಕ್ಕೂ ಮುಂಚೆ ವರ್ಗಮೂಲದ ಅಂದಾಜನ್ನು ಪುಟದ ತಲೆಯಲ್ಲಿ ಬರೆದುಕೊಳ್ಳಿ.