ಇಬ್ಬರೂ 'ನಮ್ಮದೇ ನಂಬರ್ ಒನ್ ನೆಟ್‌ವರ್ಕ್' ಅಂದರೆ ಯಾರನ್ನು ನಂಬೋದು?

ಓದುಗರ ಪ್ರಶ್ನೆ: ಒಂದೇ ಸಂಜೆ ಟಿವಿಯಲ್ಲಿ ಎರಡು ಮೊಬೈಲ್ ಕಂಪನಿಗಳ ಜಾಹೀರಾತು ನೋಡಿದೆ. 'ಅತ್ಯಂತ ನಂಬಿಕಸ್ತ ನೆಟ್‌ವರ್ಕ್ ನಮ್ಮದೇ' ಎಂದು ಎರಡೂ ಹೇಳುತ್ತವೆ. ಇಬ್ಬರೂ ಮೊದಲ ಸ್ಥಾನದಲ್ಲಿರುವುದು ಹೇಗೆ ಸಾಧ್ಯ? ಒಬ್ಬರಾದರೂ ಸುಳ್ಳು ಹೇಳುತ್ತಿರಬೇಕಲ್ವಾ? ಇದನ್ನೆಲ್ಲ ಕೇಳುವವರು ಯಾರೂ ಇಲ್ಲವೇ?

ಉತ್ತರ: ನಿಮ್ಮ ಅನುಮಾನ ನ್ಯಾಯವಾದದ್ದೇ. ಆದರೆ ಇಬ್ಬರೂ ಒಂದಕ್ಷರ ಸುಳ್ಳು ಹೇಳದೆ ಹಾಗೆ ಹೇಳಿಕೊಳ್ಳಬಹುದು. 'ನಂಬಿಕಸ್ತ' ಅನ್ನುವ ಮಾತನ್ನು ತೂಗಲು ಎಲ್ಲರೂ ಒಪ್ಪಿದ ತೂಕದ ಕಲ್ಲು ಇಲ್ಲ. ಒಬ್ಬರು ಕರೆ ಕಟ್ ಆಗದೆ ಉಳಿಯುವುದನ್ನು ಅಳೆದಿರುತ್ತಾರೆ, ಇನ್ನೊಬ್ಬರು ಇಂಟರ್‌ನೆಟ್ ತಟ್ಟನೆ ಸಿಗುವುದನ್ನು. ಒಬ್ಬರು ದೊಡ್ಡ ನಗರಗಳಲ್ಲಿ ಅಳೆದಿರುತ್ತಾರೆ, ಇನ್ನೊಬ್ಬರು ಹೆದ್ದಾರಿಗಳಲ್ಲಿ. ತನಗೆ ಜಾಸ್ತಿ ಅಂಕ ಬಂದ ಪರೀಕ್ಷೆಯನ್ನೇ ಪ್ರತಿಯೊಬ್ಬರೂ ಜಾಹೀರಾತಿಗೆ ಆರಿಸಿಕೊಳ್ಳುತ್ತಾರೆ.

ಮೊದಲು ನಮ್ಮ ಕಡೆಯಿಂದ ನೋಡೋಣ. ಹೋದ ವಾರ ನೆಲಮಾಳಿಗೆಯಲ್ಲಿ ಗಾಡಿ ನಿಲ್ಲಿಸಿ, ಮೆಟ್ಟಿಲು ಹತ್ತುತ್ತಾ ಅಕ್ಕನಿಗೆ ಫೋನ್ ಮಾಡಿದೆ. ಮೊದಲ ಸಲ ಕರೆ ಹೋಗಲೇ ಇಲ್ಲ. ಎರಡನೇ ಸಲ ರಿಂಗ್ ಆಯಿತು, ಅಕ್ಕ 'ಹಲೋ, ಹಲೋ' ಅಂದಳು, ನನ್ನ ಮಾತು ಅವಳಿಗೆ ಕೇಳಿಸಲಿಲ್ಲ. ಮೂರನೇ ಸಲ ಅರ್ಧ ಮಾತಿನಲ್ಲೇ ಕಟ್. ಅಷ್ಟು ಹೊತ್ತೂ ಪರದೆಯ ಮೂಲೆಯಲ್ಲಿ ಎರಡು ಕಡ್ಡಿ ಆರಾಮವಾಗಿ ನಿಂತಿದ್ದವು. ನಮಗೆ ಇದೆಲ್ಲ ಒಂದೇ: 'ನೆಟ್‌ವರ್ಕ್ ಸರಿಯಿಲ್ಲ'. ಅಳೆಯುವವರಿಗೆ ಹಾಗಲ್ಲ. ಕರೆ ಹೋಗದೇ ಇರುವುದು ಒಂದು ದೋಷ. ಹೋಗಿಯೂ ಮಾತು ಕೇಳಿಸದಿರುವುದು ಇನ್ನೊಂದು. ನಡುವೆ ಕಡಿದುಹೋಗುವುದು ಮೂರನೆಯದು. ಕಾಲ್ ಡ್ರಾಪ್ ಮಾತ್ರ ಎಣಿಸುವ ಪರೀಕ್ಷೆಯಲ್ಲಿ ನನ್ನ ಮೂರು ಕರೆಗಳಲ್ಲಿ ಒಂದು ಮಾತ್ರ ದೋಷ ಎಂದು ದಾಖಲಾಗುತ್ತದೆ.

ಆ ಕಡ್ಡಿಗಳನ್ನಂತೂ ಸಾಕ್ಷಿ ಅಂತ ಹಿಡಿಯಲೇಬೇಡಿ. ಎಷ್ಟು ಸಿಗ್ನಲ್‌ಗೆ ಎಷ್ಟು ಕಡ್ಡಿ ಎನ್ನುವುದನ್ನು ಹೆಚ್ಚಾಗಿ ಫೋನ್ ತಯಾರಿಸುವವರೇ ತೀರ್ಮಾನಿಸುತ್ತಾರೆ. 2010ರಲ್ಲಿ, ಕೈಯಲ್ಲಿ ಹಿಡಿದರೆ ಸಿಗ್ನಲ್ ಬೀಳುತ್ತದೆ ಎಂದು ಐಫೋನ್ 4ರ ಬಗ್ಗೆ ಗಲಾಟೆ ನಡೆದಾಗ, ತಾನು ಕಡ್ಡಿ ಲೆಕ್ಕ ಹಾಕುತ್ತಿದ್ದ ಸೂತ್ರವೇ ಪೂರ್ತಿ ತಪ್ಪಾಗಿತ್ತು ಎಂದು ಆಪಲ್ ಒಪ್ಪಿಕೊಂಡಿತು. ಎಷ್ಟೋ ಕಡೆ ತೋರಿಸಬೇಕಾದ್ದಕ್ಕಿಂತ ಎರಡು ಕಡ್ಡಿ ಜಾಸ್ತಿ ತೋರಿಸುತ್ತಿತ್ತಂತೆ.

ಹಾಗಾದರೆ ಅಳೆಯುವುದು ಹೇಗೆ? ಮುಖ್ಯವಾಗಿ ಎರಡು ದಾರಿ. ಒಂದರಲ್ಲಿ, ಕಾರಿನೊಳಗೆ ಬೇರೆ ಬೇರೆ ಕಂಪನಿಗಳ ಸಿಮ್ ಇರುವ ಫೋನ್‌ಗಳನ್ನು ಸಾಲಾಗಿ ಜೋಡಿಸಿ ಊರೂರು ಸುತ್ತುತ್ತಾರೆ. ಫೋನ್‌ಗಳು ತಾವಾಗಿಯೇ ಕರೆ ಮಾಡುತ್ತವೆ, ಫೈಲ್ ಇಳಿಸುತ್ತವೆ, ಮೆಸೇಜ್ ಕಳಿಸುತ್ತವೆ. ಒಂದೇ ಜಾಗ, ಒಂದೇ ಹೊತ್ತು, ಎಲ್ಲರಿಗೂ ಒಂದೇ ಪರೀಕ್ಷೆ. ಅಷ್ಟರ ಮಟ್ಟಿಗೆ ನ್ಯಾಯವಾದದ್ದು. ಆದರೆ ಕಾರು ರಸ್ತೆ ಬಿಟ್ಟು ಹೋಗುವುದಿಲ್ಲ. ನಿಮ್ಮ ಮಲಗುವ ಕೋಣೆ, ಲಿಫ್ಟು, ಹೊಲದ ಬದು ಆ ಲೆಕ್ಕಕ್ಕೆ ಬರುವುದು ಅಪರೂಪ.

ಇನ್ನೊಂದು ದಾರಿ ಜನರ ಕೈಯಲ್ಲಿರುವ ಫೋನ್‌ಗಳಿಂದಲೇ ಲೆಕ್ಕ ತೆಗೆಯುವುದು. ಊಕ್ಲಾ ಕಂಪನಿಯ ಸ್ಪೀಡ್‌ಟೆಸ್ಟ್, ಓಪನ್‌ಸಿಗ್ನಲ್ ಎಂಬ ಆ್ಯಪ್‌ಗಳು ಮಾಡುವುದು ಇದನ್ನೇ. ಲಕ್ಷಾಂತರ ಫೋನ್‌ಗಳು, ಮನೆಯೊಳಗಿನದೂ ಸೇರಿದಂತೆ ನಿಜವಾದ ಬಳಕೆ. ಕೇಳಲು ಚೆನ್ನಾಗಿದೆ ಅಲ್ವಾ? ಆದರೆ ಸ್ಪೀಡ್ ಟೆಸ್ಟ್ ಶುರುವಾಗಬೇಕಾದರೆ ನೆಟ್‌ವರ್ಕ್ ಇರಲೇಬೇಕು. ಎಲ್ಲಿ ಏನೂ ಸಿಗುವುದಿಲ್ಲವೋ ಅಲ್ಲಿಂದ ದೂರೂ ಬರುವುದಿಲ್ಲ, ಅಂಕವೂ ಕಡಿಮೆಯಾಗುವುದಿಲ್ಲ. ನಗರದಲ್ಲಿ ಮಾತ್ರ ಟವರ್ ಹಾಕಿರುವ ಕಂಪನಿಯ ಗ್ರಾಹಕರು ಬಹುಪಾಲು ನಗರದಲ್ಲೇ ಇರುತ್ತಾರೆ. ಅವರ ಫೋನ್‌ಗಳಿಂದ ಬರುವ ಅಂಕ ಸಹಜವಾಗಿ ಚೆನ್ನಾಗಿರುತ್ತದೆ. ದೂರದೂರಿಗೂ ಟವರ್ ಒಯ್ದ ಕಂಪನಿಗೆ ಅಲ್ಲಿನ ದುರ್ಬಲ ಸಿಗ್ನಲ್ಲೂ ಲೆಕ್ಕಕ್ಕೆ ಸೇರಿ ಸರಾಸರಿ ಇಳಿಯಬಹುದು. ಸೇವೆ ವಿಸ್ತರಿಸಿದ್ದಕ್ಕೇ ದಂಡ ಬಿದ್ದಂತೆ.

ಈಗ ಕಂಪನಿಗಳ ಜಾಹೀರಾತು ಜಗಳಗಳಿಗೆ ಬರೋಣ. ನನ್ನ ಪ್ರಕಾರ ಇವುಗಳಲ್ಲಿ ಜಾಸ್ತಿ ಕಲಿಸುವುದು 'ಬರೀ 1% ವ್ಯತ್ಯಾಸ' ಅನ್ನುವ ಮಾತು.

ಅಮೆರಿಕದ ವೆರೈಝನ್ ಕಂಪನಿ 2002ರಿಂದ ಸುಮಾರು ಒಂಬತ್ತು ವರ್ಷ ಒಂದೇ ಸಾಲನ್ನು ನೆಚ್ಚಿಕೊಂಡಿತ್ತು. ಕನ್ನಡಕ ಹಾಕಿದ ಒಬ್ಬ ಮನುಷ್ಯ ಊರೂರು ಅಲೆಯುತ್ತಾ ಫೋನಿನಲ್ಲಿ 'ಈಗ ಕೇಳಿಸ್ತಿದೆಯಾ?' ಎಂದು ಕೇಳುತ್ತಿದ್ದ. ನಟನ ಹೆಸರು ಪಾಲ್ ಮಾರ್ಕರೆಲಿ. 2016ರಲ್ಲಿ ಅದೇ ನಟ ಎದುರಾಳಿ ಸ್ಪ್ರಿಂಟ್ ಕಂಪನಿಯ ಜಾಹೀರಾತಿನಲ್ಲಿ ಕಾಣಿಸಿಕೊಂಡ. ಈಗ ಎಲ್ಲರ ನೆಟ್‌ವರ್ಕೂ ಚೆನ್ನಾಗಿದೆ, ಎಷ್ಟು ನಂಬಿಕಸ್ತ ಎನ್ನುವುದರಲ್ಲಿ ಸ್ಪ್ರಿಂಟ್‌ಗೂ ವೆರೈಝನ್‌ಗೂ 1%ಗಿಂತ ಕಡಿಮೆ ಅಂತರವಿದೆ, ದುಡ್ಡು ಮಾತ್ರ ಅರ್ಧ ಉಳಿಯುತ್ತದೆ ಎನ್ನುವುದು ಅವನ ಮಾತಿನ ಸಾರ. ಕೆಳಗೆ ಸಣ್ಣಕ್ಷರದಲ್ಲಿ, ಇದು ದೊಡ್ಡ ನಗರ ಪ್ರದೇಶಗಳ ನೀಲ್ಸನ್ ಎಂಬ ಸಮೀಕ್ಷಾ ಸಂಸ್ಥೆಯ ಮಾಪನವನ್ನು ಆಧರಿಸಿದ ಲೆಕ್ಕ ಎಂಬ ವಿವರಣೆ.

1% ಅಂದರೆ ಏನೂ ಅಲ್ಲ ಅನ್ನಿಸುತ್ತದೆ. ಒಂದು ಹಾಳೆ, ಒಂದು ಪೆನ್ನು ತಗೊಳ್ಳಿ. ಉದಾಹರಣೆಗೆ, ಒಂದು ನೆಟ್‌ವರ್ಕ್‌ನಲ್ಲಿ 100ಕ್ಕೆ 99 ಕರೆ ಸರಿಯಾಗಿ ಮುಗಿಯುತ್ತವೆ, ಇನ್ನೊಂದರಲ್ಲಿ 98 ಅಂತಿಟ್ಟುಕೊಳ್ಳಿ. ಗೆದ್ದ ಕರೆಗಳ ಕಡೆಯಿಂದ ನೋಡಿದರೆ ವ್ಯತ್ಯಾಸ 1. ಈಗ ಸೋತ ಕರೆಗಳನ್ನು ನೋಡಿ. ಒಂದರಲ್ಲಿ 1, ಇನ್ನೊಂದರಲ್ಲಿ 2. ಅಂದರೆ ಎರಡು ಪಟ್ಟು! ದಿನಕ್ಕೆ ಹತ್ತು ಕರೆ ಮಾಡುವವರಿಗೆ ತಿಂಗಳಿಗೆ ಒಂದು ಕಡೆ ಮೂರು ಕರೆ ಕೈಕೊಡುತ್ತವೆ, ಇನ್ನೊಂದು ಕಡೆ ಆರು. ನೆಟ್‌ವರ್ಕ್ ನಮ್ಮ ಗಮನಕ್ಕೆ ಬರುವುದೇ ಕೈಕೊಟ್ಟಾಗ. ಸರಿಯಾಗಿ ಹೋದ 98 ಕರೆಗಳನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ. ರಾತ್ರಿ ಎರಡು ಗಂಟೆಗೆ ಆಂಬ್ಯುಲೆನ್ಸ್‌ಗೆ ಮಾಡಿದ ಕರೆ ಹೋಗದಿದ್ದರೆ ಅದನ್ನು ಜೀವಮಾನವಿಡೀ ಮರೆಯುವುದಿಲ್ಲ. ಹಾಗಾಗಿ ನೆಟ್‌ವರ್ಕ್ ಎಷ್ಟು ನಂಬಿಕಸ್ತ ಎನ್ನುವುದನ್ನು ಸೋಲಿನ ಕಡೆಯಿಂದಲೇ ಎಣಿಸಬೇಕು ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ. ಜಾಹೀರಾತುಗಳು ಸಾಮಾನ್ಯವಾಗಿ ಗೆಲುವಿನ ಕಡೆಯಿಂದಲೇ ಎಣಿಸುತ್ತವೆ.

ಇದೇ 1% ಮಾತು ಆಸ್ಟ್ರೇಲಿಯಾದಲ್ಲಿ ಕೋರ್ಟ್ ಮೆಟ್ಟಿಲನ್ನೂ ಹತ್ತಿದೆ. ಟೆಲ್‌ಸ್ಟ್ರಾ ಕಂಪನಿಯ ನೆಟ್‌ವರ್ಕ್ ಅಲ್ಲಿನ ಜನಸಂಖ್ಯೆಯ 99.3% ಮಂದಿಯನ್ನು ತಲುಪುತ್ತಿತ್ತು, ಎದುರಾಳಿ ಆಪ್ಟಸ್‌ನದು 98.5%. ವ್ಯತ್ಯಾಸ 1%ಗಿಂತ ಕಡಿಮೆ ಎಂದು ಆಪ್ಟಸ್ ಟಿವಿಯಲ್ಲಿ ಹೇಳಿತು. ಅಂಕಿ ಸರಿಯಾಗಿಯೇ ಇತ್ತು. ಆದರೆ ಆ ದೇಶದ ಜನ ಬಹುಪಾಲು ಕರಾವಳಿಯ ನಗರಗಳಲ್ಲಿದ್ದಾರೆ, ಒಳನಾಡು ಖಾಲಿ. ನೆಲದ ಲೆಕ್ಕ ಹಾಕಿದರೆ ಟೆಲ್‌ಸ್ಟ್ರಾ ಸುಮಾರು 23 ಲಕ್ಷ ಚದರ ಕಿಲೋಮೀಟರ್ ತಲುಪುತ್ತಿತ್ತು, ಆಪ್ಟಸ್ ಸುಮಾರು 10 ಲಕ್ಷ. ಅರ್ಧಕ್ಕಿಂತ ಕಡಿಮೆ! 2014ರಲ್ಲಿ ಅಲ್ಲಿನ ವಿಕ್ಟೋರಿಯಾ ರಾಜ್ಯದ ಸುಪ್ರೀಂ ಕೋರ್ಟ್ ಟೆಲ್‌ಸ್ಟ್ರಾ ಪರ ತೀರ್ಪು ಕೊಟ್ಟಿತು. ನೋಡುವವರು 'ಎಲ್ಲಿಗೆ ಹೋದರೂ ಎರಡೂ ಹೆಚ್ಚುಕಮ್ಮಿ ಒಂದೇ' ಎಂದುಕೊಳ್ಳುತ್ತಾರೆ, ಆದ್ದರಿಂದ ಜಾಹೀರಾತು ದಾರಿ ತಪ್ಪಿಸುವಂಥದ್ದು ಎನ್ನುವುದು ತೀರ್ಪಿನ ತಿರುಳು. ಅಂಕಿ ನಿಜವಾಗಿದ್ದರೂ ಜಾಹೀರಾತು ತಪ್ಪಾಗಬಹುದು ಎನ್ನುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಗೊತ್ತಿಲ್ಲ.

ಆದರೆ ಗೆದ್ದ ಟೆಲ್‌ಸ್ಟ್ರಾವನ್ನೂ ಈ ಪ್ರಶ್ನೆ ಬಿಡಲಿಲ್ಲ. 2025ರಲ್ಲಿ ಅದು 30 ಲಕ್ಷ ಚದರ ಕಿಲೋಮೀಟರ್ ಎಂದು ಹೇಳಿಕೊಳ್ಳುತ್ತಿದ್ದಾಗ ವೊಡಾಫೋನ್ ತಕರಾರು ತೆಗೆಯಿತು. ಆ ಲೆಕ್ಕ ವಾಹನಕ್ಕೆ ಹೊರಗಿನಿಂದ ಆಂಟೆನಾ ಹಾಕಿಸಿಕೊಂಡವರಿಗೆ, ಬರೀ ಫೋನ್ ಹಿಡಿದವರಿಗೆ ಸಿಗುವುದು ಸುಮಾರು 20 ಲಕ್ಷ ಮಾತ್ರ ಎನ್ನುವುದು ಅದರ ದೂರು. ಜೇಬಿನಲ್ಲಿ ಆಂಟೆನಾ ಇಟ್ಟುಕೊಂಡು ಓಡಾಡುವವರು ಯಾರಿದ್ದಾರೆ?

ನಕ್ಷೆಯದ್ದೇ ಇನ್ನೊಂದು ಕಥೆ. 2009ರ ಕೊನೆಯಲ್ಲಿ ವೆರೈಝನ್ ಎರಡು ನಕ್ಷೆಗಳನ್ನು ಪಕ್ಕಪಕ್ಕ ತೋರಿಸಿತು. ತನ್ನ 3ಜಿ ಇರುವ ಕಡೆ ಕೆಂಪು, ಎದುರಾಳಿ ಎಟಿ ಆಂಡ್ ಟಿಯ 3ಜಿ ಇರುವ ಕಡೆ ನೀಲಿ. ಕೆಂಪು ದೇಶದ ತುಂಬಾ ಹರಡಿತ್ತು. ನೀಲಿ ಅಲ್ಲಲ್ಲಿ ಚದುರಿತ್ತು, ಉಳಿದದ್ದೆಲ್ಲ ಬಿಳಿ. ಎಟಿ ಆಂಡ್ ಟಿ ಅಟ್ಲಾಂಟಾದ ಕೋರ್ಟಿಗೆ ಹೋಯಿತು. ಬಿಳಿ ಜಾಗದಲ್ಲಿ ನಮ್ಮ ಹಳೆಯ, ನಿಧಾನದ ನೆಟ್‌ವರ್ಕ್ ಇದೆ, ಕರೆ ಹೋಗುತ್ತದೆ, ನೋಡುವವರು ಅಲ್ಲಿ ಏನೂ ಇಲ್ಲ ಅಂದುಕೊಳ್ಳುತ್ತಾರೆ ಎನ್ನುವುದು ಅದರ ವಾದ. ಜಾಹೀರಾತು ಸುಳ್ಳೆಂದು ಇವರು ಕೇಸು ಹಾಕಿಲ್ಲ, ನಿಜ ಚುಚ್ಚುತ್ತಿದೆ ಎಂದು ಹಾಕಿದ್ದಾರೆ ಎಂದು ವೆರೈಝನ್ ತಿರುಗೇಟು ಕೊಟ್ಟಿತು. ಜಾಹೀರಾತನ್ನು ತಕ್ಷಣ ನಿಲ್ಲಿಸಲು ನ್ಯಾಯಾಧೀಶರು ಒಪ್ಪಲಿಲ್ಲ. ಡಿಸೆಂಬರ್‌ನಲ್ಲಿ ಎಟಿ ಆಂಡ್ ಟಿ ಕೇಸು ವಾಪಸ್ ತೆಗೆದುಕೊಂಡಿತು. ನನಗೆ ಇಲ್ಲಿ ಎಟಿ ಆಂಡ್ ಟಿ ಮಾತಿನಲ್ಲೂ ಹುರುಳಿದೆ ಅನ್ನಿಸುತ್ತದೆ. ನಕ್ಷೆಯಲ್ಲಿ ಬಿಳಿ ಜಾಗ ಕಂಡರೆ ನಾವೆಲ್ಲ 'ಟವರ್ ಇಲ್ಲ' ಅಂತಲೇ ಓದುತ್ತೇವೆ.

ಭಾರತದಲ್ಲೂ ಇಂಥದ್ದು ನಡೆದಿದೆ, ವೇಗದ ವಿಷಯದಲ್ಲಿ. 2017ರಲ್ಲಿ ಏರ್‌ಟೆಲ್ ಊಕ್ಲಾದ ಲೆಕ್ಕ ತೋರಿಸಿ ತಾನು ಅಧಿಕೃತವಾಗಿ ದೇಶದ ಅತಿ ವೇಗದ ನೆಟ್‌ವರ್ಕ್ ಎಂದು ಜಾಹೀರಾತು ಕೊಟ್ಟಿತು. ಜಿಯೋ ಎತ್ತಿದ ತಕರಾರು ತುಂಬಾ ಸೂಕ್ಷ್ಮವಾದದ್ದು. ಎಷ್ಟೋ ಫೋನ್‌ಗಳಲ್ಲಿ ಎರಡು ಸಿಮ್ ಇರುತ್ತವೆ. ಡೇಟಾ ಎರಡನೇ ಸಿಮ್‌ನಿಂದ ಬರುತ್ತಿದ್ದರೂ ಪರೀಕ್ಷೆಯ ಫಲಿತಾಂಶ ಮೊದಲನೇ ಸಿಮ್‌ನ ಕಂಪನಿಯ ಹೆಸರಿಗೆ ಹೋಗುತ್ತದೆ ಎಂದು ಅದು ದೂರಿತು. ಊಕ್ಲಾ ತನ್ನ ಲೆಕ್ಕ ಸರಿ ಎಂದೇ ನಿಂತಿತು. ಜಾಹೀರಾತು ಮಾನದಂಡ ಮಂಡಳಿ ಎಎಸ್‌ಸಿಐ ಮಾತ್ರ ಆ ಜಾಹೀರಾತು ದಾರಿ ತಪ್ಪಿಸುವಂತಿದೆ ಎಂದು ಹೇಳಿ, ಹಿಂದಕ್ಕೆ ಪಡೆಯಲು ಇಲ್ಲವೇ ಬದಲಾಯಿಸಲು ಸೂಚಿಸಿತು.

ಕೇಳುವವರು ಯಾರು ಅನ್ನುವ ನಿಮ್ಮ ಕೊನೆಯ ಮಾತಿಗೆ ಉತ್ತರ ಈ ಹೆಸರಿನಲ್ಲೇ ಇದೆ. ಎಎಸ್‌ಸಿಐ 1985ರಲ್ಲಿ ಶುರುವಾದದ್ದು. ಬ್ರಿಟನ್‌ನಲ್ಲಿ ಇಂಥದ್ದೇ ಎಎಸ್‌ಎ ಎಂಬ ಸಂಸ್ಥೆ ಇದೆ. 'ತ್ರೀ ಅಲ್ಲದಿದ್ದರೆ ಅದು ನಿಜವಾದ 5ಜಿಯೇ ಅಲ್ಲ' ಎಂಬರ್ಥದ ತ್ರೀ ಕಂಪನಿಯ ಜಾಹೀರಾತನ್ನು 2020ರಲ್ಲಿ ತಡೆದದ್ದು ಅದೇ. ಅಮೆರಿಕದಲ್ಲಿ ಎನ್‌ಎಡಿ ಎಂಬ ಸಂಸ್ಥೆ ಇಂಥ ದೂರು ಕೇಳುತ್ತದೆ, ಅದರ ಮೇಲೆ ಮೇಲ್ಮನವಿಗೆ ಎನ್‌ಎಆರ್‌ಬಿ. ಇವೆಲ್ಲ ಜಾಹೀರಾತು ರಂಗದವರೇ ಕಟ್ಟಿಕೊಂಡ ವ್ಯವಸ್ಥೆಗಳು. 'ನಿಮ್ಮ ಮನಸ್ಸಿಗೆ ಹತ್ತಿರವಾದ ನೆಟ್‌ವರ್ಕ್' ಅಂತ ಕೊಚ್ಚಿಕೊಂಡರೆ ಇವರು ಸುಮ್ಮನಿರುತ್ತಾರೆ. ಅದು ಬರೀ ಬಡಾಯಿ, ಅಳೆಯಲು ಆಗುವುದಿಲ್ಲ. 'ಅತ್ಯಂತ ನಂಬಿಕಸ್ತ' ಅಂದರೆ ಅಳೆಯಬಹುದಾದ ಮಾತು. ಅದಕ್ಕೆ ಪುರಾವೆ ಕೇಳುತ್ತಾರೆ.

ಆದರೆ ಇವರ ಕೈ ಅಷ್ಟು ಉದ್ದವಿಲ್ಲ ಅನ್ನುವುದೇ ನನ್ನ ಬೇಸರ. 2019ರ ಆರಂಭದಲ್ಲಿ ಎಟಿ ಆಂಡ್ ಟಿ 4ಜಿ ಫೋನ್‌ಗಳ ಪರದೆಯ ಮೇಲೆ '5ಜಿ ಇ' ಎಂಬ ಗುರುತು ತೋರಿಸತೊಡಗಿತು. ಒಳಗೆ ಇದ್ದದ್ದು ಸುಧಾರಿಸಿದ 4ಜಿ ಅಷ್ಟೇ. ಸ್ಪ್ರಿಂಟ್ ಕೇಸು ಹಾಕಿ, ಕೆಲವೇ ತಿಂಗಳಲ್ಲಿ ರಾಜಿಯಾಯಿತು. 2020ರ ಮೇ ತಿಂಗಳಲ್ಲಿ ಎನ್‌ಎಆರ್‌ಬಿ ಆ ಹೆಸರನ್ನು ಜಾಹೀರಾತಿನಲ್ಲಿ ಬಳಸಬೇಡಿ ಎಂದು ಹೇಳಿದಾಗ ಕಂಪನಿ ಒಪ್ಪಿತು. ಫೋನಿನ ಮೂಲೆಯ ಗುರುತು ಮಾತ್ರ ಹಾಗೇ ಉಳಿಯಿತು, ಯಾಕೆಂದರೆ ಅದು ಜಾಹೀರಾತು ಅಲ್ಲವಂತೆ. ಜನ ದಿನಕ್ಕೆ ನೂರು ಸಲ ನೋಡುವುದು ಆ ಮೂಲೆಯನ್ನೇ. ಇನ್ನೊಂದು ಸಂಗತಿ: ನೆಟ್‌ವರ್ಕ್ ಜಾಹೀರಾತಿನ ದೊಡ್ಡ ಜಗಳಗಳಲ್ಲಿ ದೂರು ಕೊಡುವವರು ಹೆಚ್ಚಾಗಿ ಎದುರಾಳಿ ಕಂಪನಿಗಳೇ. ಅವರಿಗೆ ನೋವಾದಾಗ ದೂರು ಬರುತ್ತದೆ, ತೀರ್ಮಾನ ಬರುವ ಹೊತ್ತಿಗೆ ಜಾಹೀರಾತು ತನ್ನ ಕೆಲಸ ಮುಗಿಸಿರುತ್ತದೆ.

ಹಾಗಾದರೆ ನೀವೇನು ಮಾಡಬಹುದು? ಮುಂದಿನ ಸಲ ಅಂಥ ಜಾಹೀರಾತು ಫೋನಿನಲ್ಲಿ ಬಂದಾಗ ಅಲ್ಲೇ ನಿಲ್ಲಿಸಿ, ಕೆಳಗಿನ ಸಣ್ಣಕ್ಷರವನ್ನು ದೊಡ್ಡದು ಮಾಡಿ ಓದಿ. ಅಳೆದವರು ಯಾರು, ಎಲ್ಲಿ ಅಳೆದರು, ಯಾವ ತಿಂಗಳಿನಲ್ಲಿ, ಕರೆಯೋ ಡೇಟಾವೋ, ಜನರ ಲೆಕ್ಕವೋ ನೆಲದ ಲೆಕ್ಕವೋ ಎಂದು ಹುಡುಕಿ. ಶೇಕಡಾ ಲೆಕ್ಕ ಕಂಡರೆ 100ರಿಂದ ಕಳೆದು, ಉಳಿದದ್ದನ್ನು ಮಾತ್ರ ಹೋಲಿಸಿ. ಸಣ್ಣಕ್ಷರವೇ ಇಲ್ಲದಿದ್ದರೆ ಅದನ್ನು ಬಡಾಯಿ ಅಂತ ಬಿಟ್ಟುಬಿಡಿ.

ನೆಟ್‌ವರ್ಕ್ ಬದಲಾಯಿಸುವ ಯೋಚನೆ ಇದ್ದರೆ ನಂಬರ್ ವರ್ಗಾಯಿಸುವ ಮೊದಲು ಹೊಸ ಕಂಪನಿಯ ಒಂದು ಬಿಡಿ ಸಿಮ್ ಹಾಕಿ ನೋಡಿ. ಅಥವಾ ಆ ನೆಟ್‌ವರ್ಕ್ ಇರುವ ಗೆಳೆಯರನ್ನು ಮನೆಗೆ ಕರೆಯಿರಿ. ಕಿಟಕಿ ಪಕ್ಕ ನಿಂತು ಪರೀಕ್ಷಿಸಬೇಡಿ. ಒಳಕೋಣೆಯಲ್ಲಿ ಬಾಗಿಲು ಹಾಕಿ, ಸಂಜೆ ಎಂಟರ ಹೊತ್ತಿಗೆ, ಅಂದರೆ ಎಲ್ಲರೂ ವಿಡಿಯೋ ನೋಡುವ ಸಮಯದಲ್ಲಿ, ಹತ್ತು ಕರೆ ಮಾಡಿ. ಎಷ್ಟು ಹೋದವು ಅಂತ ಬರೆಯಬೇಡಿ. ಎಷ್ಟು ಹೋಗಲಿಲ್ಲ, ಎಷ್ಟರಲ್ಲಿ ಮಾತು ಕೇಳಿಸಲಿಲ್ಲ, ಎಷ್ಟು ನಡುವೆ ಕಟ್ ಆದವು ಅಂತ ಮೂರು ಸಾಲಿನಲ್ಲಿ ಬರೆದುಕೊಳ್ಳಿ. ನಾನು ನೆಲಮಾಳಿಗೆಯ ಮೆಟ್ಟಿಲ ಮೇಲೆ ಈಗ ಅದನ್ನೇ ಮಾಡುತ್ತಿದ್ದೇನೆ. ಅಕ್ಕ ಬೇಸರ ಮಾಡಿಕೊಳ್ಳದೆ ಪ್ರತಿ ಸಲವೂ ಫೋನ್ ಎತ್ತುತ್ತಿದ್ದಾಳೆ.