ಎಟಿವಿ ಎಂಜಿನ್ ಬಿಸಿಯೇರುತ್ತಿದೆಯೇ? ಅದು ಯಾವಾಗ ಎಂಬುದೇ ಮೊದಲ ಸುಳಿವು

ಎಟಿವಿಯ (ಕೆಸರು, ಗುಡ್ಡದ ದಾರಿಯಲ್ಲಿ ಓಡುವ ನಾಲ್ಕು ಚಕ್ರದ ತೆರೆದ ಗಾಡಿ) ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಕಾದಿದೆಯೆನ್ನುವ ಕೆಂಪು ದೀಪ ಹತ್ತಿತೆಂದರೆ ಕೂಲೆಂಟ್ (ಎಂಜಿನ್ ತಣಿಸುವ ದ್ರವ) ತುಂಬುವುದು, ಅದಕ್ಕೂ ಸರಿಹೋಗದಿದ್ದರೆ ಥರ್ಮೋಸ್ಟಾಟ್ (ಕಾದಾಗ ತೆರೆದು ಕೂಲೆಂಟನ್ನು ರೇಡಿಯೇಟರಿಗೆ ಬಿಡುವ ಕವಾಟ), ಆಮೇಲೆ ಕೂಲೆಂಟನ್ನು ಹರಿಸುವ ವಾಟರ್ ಪಂಪ್ ಬದಲಿಸುವುದು ಹಲವರ ರೂಢಿ. ಇದರಿಂದ ದುಡ್ಡು ಹೋಗುತ್ತದೆ, ತೊಂದರೆ ಹೋಗುವುದಿಲ್ಲ. ಸ್ಪ್ಯಾನರ್ ಹಿಡಿಯುವ ಮೊದಲು ಗಮನಿಸಬೇಕಾದದ್ದು ಒಂದೇ: ಗಾಡಿ ನಿಧಾನವಾಗಿ ಹೋಗುವಾಗ ಮಾತ್ರ ಕಾಯುತ್ತದೆಯೋ, ವೇಗವಾಗಿ ಓಡುವಾಗಲೂ ಕಾಯುತ್ತದೆಯೋ, ಇಲ್ಲವೇ ಸ್ಟಾರ್ಟ್ ಮಾಡಿದ ಕೆಲವೇ ನಿಮಿಷಗಳಲ್ಲಿ ಕಾಯುತ್ತದೆಯೋ?

ಪೆಟ್ರೋಲಿನ ಶಕ್ತಿಯಲ್ಲಿ ಕೆಲಸಕ್ಕೆ ಒದಗುವುದು ಹೆಚ್ಚುಕಡಿಮೆ ಕಾಲು ಭಾಗ. ಉಳಿದದ್ದೆಲ್ಲ ಶಾಖ. ಅದರಲ್ಲಿ ಒಂದು ಪಾಲು ಸೈಲೆನ್ಸರ್ ಮೂಲಕ ಹೊರಗೆ ಹೋಗುತ್ತದೆ. ಮತ್ತೊಂದು ಪಾಲು ಸಿಲಿಂಡರಿನ ಗೋಡೆಯಿಂದ ಕೂಲೆಂಟಿಗೆ, ಕೂಲೆಂಟಿನಿಂದ ರೇಡಿಯೇಟರಿಗೆ, ಅಲ್ಲಿಂದ ಗಾಳಿಗೆ ಸೇರಬೇಕು. ಸಿಲಿಂಡರಿನೊಳಗೆ ಉರಿಯುವ ಅನಿಲದ ತಾಪ 2000 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಪಿಸ್ಟನ್ನಿನ ಅಲ್ಯೂಮಿನಿಯಂ 660 ಡಿಗ್ರಿಯ ಆಸುಪಾಸಿನಲ್ಲೇ ಕರಗುವ ಲೋಹ. ಶಾಖ ಸಾಗುವ ದಾರಿ ಎಲ್ಲಿ ಕಟ್ಟಿದರೂ ಎಂಜಿನ್ನಿಗೆ ಪೆಟ್ಟು ತಪ್ಪಿದ್ದಲ್ಲ.

ದೀಪ ಹತ್ತಿದ ಕೂಡಲೇ ಗಾಡಿ ನಿಲ್ಲಿಸಿ, ಎಂಜಿನ್ ಆರಿಸಿ. ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಬೇಡಿ. ನೀರು ಮತ್ತು ಎಥಿಲೀನ್ ಗ್ಲೈಕಾಲ್ ಸಮಪಾಲಿನಲ್ಲಿರುವ ಕೂಲೆಂಟ್ ತೆರೆದ ಪಾತ್ರೆಯಲ್ಲಿ ಸುಮಾರು 107 ಡಿಗ್ರಿಗೆ ಕುದಿಯುತ್ತದೆ. ಮುಚ್ಚಳ ಸುಮಾರು 1 ಬಾರ್ ಒತ್ತಡ ಹಿಡಿದಿಟ್ಟರೆ ಕುದಿಯುವ ಮಟ್ಟ 125 ಡಿಗ್ರಿ ಮೀರುತ್ತದೆ. 115 ಡಿಗ್ರಿಯಲ್ಲಿ ಸುಮ್ಮನಿರುವ ದ್ರವ ಮುಚ್ಚಳ ಸಡಿಲಿಸಿದೊಡನೆ ಉಗಿಯಾಗಿ ಚಿಮ್ಮಿ ಮುಖ, ಕೈ ಸುಡುತ್ತದೆ. ರೇಡಿಯೇಟರಿನ ಮೇಲಿನ ಹೋಸನ್ನು (ರಬ್ಬರ್ ಕೊಳವೆ) ಬಟ್ಟೆ ಸುತ್ತಿದ ಕೈಯಲ್ಲಿ ಒತ್ತಿ ನೋಡಿ. ಅದು ಮೆತ್ತಗಾಗಿ, ಎಂಜಿನ್ ಮುಟ್ಟುವಷ್ಟು ತಣ್ಣಗಾಗುವವರೆಗೂ ಕಾಯಿರಿ. ಕಾದ ಎಂಜಿನ್ ಮೇಲೆ ತಣ್ಣೀರು ಸುರಿಯುವುದಂತೂ ಬೇಡವೇ ಬೇಡ, ಸಿಲಿಂಡರ್ ಹೆಡ್ ಸೊಟ್ಟಗಾಗಬಹುದು.

ನಿಧಾನವಾಗಿ ಹೋಗುವಾಗ ಅಥವಾ ನಿಂತಾಗ ಮಾತ್ರ ಕಾಯುತ್ತಿದ್ದರೆ ಗಾಳಿಯ ಕೊರತೆಯನ್ನೇ ಶಂಕಿಸಿ. ಹೆದ್ದಾರಿಯ ವಾಹನಕ್ಕೆ ಎದುರುಗಾಳಿ ತಾನಾಗಿ ಸಿಗುತ್ತದೆ. ಎಟಿವಿ ನಡಿಗೆಯ ವೇಗದಲ್ಲಿ, ಪೂರ್ತಿ ಭಾರ ಹೊತ್ತು ಕೆಸರು ಏರುತ್ತಿರುತ್ತದೆ. ಆಗ ಫ್ಯಾನೇ ಗತಿ. ಎಂಜಿನ್ ಕಾದರೂ ಫ್ಯಾನ್ ತಿರುಗದಿದ್ದರೆ ಅದರ ಕನೆಕ್ಟರ್ ಬಿಚ್ಚಿ ಬ್ಯಾಟರಿಯ 12 ವೋಲ್ಟ್ ನೇರವಾಗಿ ಕೊಡಿ. ಆಗಲೂ ತಿರುಗದಿದ್ದರೆ ಮೋಟಾರ್ ಕೆಟ್ಟಿದೆ. ತಿರುಗಿದರೆ ಮೋಟಾರ್ ಸರಿಯಿದೆ; ಫ್ಯೂಸ್, ರಿಲೇ, ತಾಪದ ಸೆನ್ಸರ್, ನೀರು ಹೊಕ್ಕು ಹಸಿರುಗಟ್ಟಿದ ಕನೆಕ್ಟರ್ ಪಿನ್ನುಗಳನ್ನು ನೋಡಿ.

ಫ್ಯಾನ್ ತಿರುಗುತ್ತಿದ್ದರೂ ಕಾಯುತ್ತಿದ್ದರೆ ರೇಡಿಯೇಟರನ್ನು ಹತ್ತಿರದಿಂದ ನೋಡಬೇಕು. ಮುಂಭಾಗ ಚೊಕ್ಕಟವಾಗಿ ಕಂಡರೂ ಮೋಸಹೋಗಬೇಡಿ. ಹಿಂದಿನಿಂದ ಟಾರ್ಚ್ ಬಿಟ್ಟು ಮುಂದಿನಿಂದ ನೋಡಿ. ಬೆಳಕು ತೂರಿಬರದ ಕಡೆ ರೇಡಿಯೇಟರಿನ ತೆಳು ಲೋಹದ ರೆಕ್ಕೆಗಳ (ಫಿನ್) ನಡುವೆ ಒಣ ಕೆಸರು, ಹುಲ್ಲಿನ ಬೀಜ ಗಟ್ಟಿಯಾಗಿ ಕೂತಿರುತ್ತದೆ. ತೊಳೆಯುವಾಗ ಎಂಜಿನ್ ಕಡೆಯಿಂದ ಮುಂದಕ್ಕೆ, ಅಂದರೆ ಕೊಳೆ ಒಳಹೊಕ್ಕ ದಿಕ್ಕಿಗೆ ವಿರುದ್ಧವಾಗಿ, ಸಾಧಾರಣ ಪೈಪಿನಿಂದ ನೀರು ಬಿಡಿ. ಪ್ರೆಷರ್ ವಾಷರ್ ಹತ್ತಿರ ಹಿಡಿದರೆ ತೆಳು ರೆಕ್ಕೆಗಳು ಮಡಚಿಕೊಂಡು ಗಾಳಿಯ ದಾರಿ ಖಾಯಂ ಮುಚ್ಚಿಹೋಗುತ್ತದೆ. ನನ್ನ ಮಟ್ಟಿಗೆ, ಕೆಸರಿನಲ್ಲಿ ಓಡುವ ಗಾಡಿಯಲ್ಲಿ ಬೇರೇನನ್ನೂ ಬಿಚ್ಚುವ ಮೊದಲು ಮುಗಿಸಲೇಬೇಕಾದ ಕೆಲಸ ಇದು.

ವೇಗದಲ್ಲೂ ಕಾಯುತ್ತಿದ್ದರೆ ಕೂಲೆಂಟ್ ಸರಿಯಾಗಿ ಹರಿಯುತ್ತಿಲ್ಲವೆಂದು ಅನುಮಾನಿಸಬೇಕು. ಮೊದಲು ಎಂಜಿನ್ ತಣ್ಣಗಿದ್ದಾಗ ರೇಡಿಯೇಟರಿನ ಕೂಲೆಂಟ್ ಮಟ್ಟ ನೋಡಿ. ಹೆಚ್ಚುವರಿ ಕೂಲೆಂಟ್ ಇರುವ ಪಕ್ಕದ ಡಬ್ಬಿಯಲ್ಲಿ ತುಂಬಿರುವುದನ್ನಷ್ಟೇ ನಂಬಬೇಡಿ. ಬಳಿಕ ಎಂಜಿನ್ ಓಡುತ್ತಿರುವಾಗ ರೇಡಿಯೇಟರಿಗೆ ಬರುವ ಮತ್ತು ಅಲ್ಲಿಂದ ಹೊರಡುವ ಹೋಸುಗಳ ತಾಪವನ್ನು ಇನ್‌ಫ್ರಾರೆಡ್ ಥರ್ಮಾಮೀಟರಿನಿಂದ ಅಳೆಯಿರಿ. ಎಂಜಿನ್ ಕುದಿಯುತ್ತಿದ್ದು ಬರುವ ಹೋಸ್ ತಣ್ಣಗಿದ್ದರೆ ಥರ್ಮೋಸ್ಟಾಟ್ ತೆರೆದಿಲ್ಲ, ಇಲ್ಲವೇ ಪಂಪ್ ದೂಡುತ್ತಿಲ್ಲ, ಇಲ್ಲವೇ ಒಳಗೆ ಗಾಳಿ ಸಿಕ್ಕಿಕೊಂಡಿದೆ. ಥರ್ಮೋಸ್ಟಾಟ್ ಬಿಚ್ಚಿ, ಪಾತ್ರೆಯ ತಳ ತಾಗದಂತೆ ನೀರಿನಲ್ಲಿ ತೂಗುಬಿಟ್ಟು, ಥರ್ಮಾಮೀಟರ್ ಇಟ್ಟು ಕಾಯಿಸಿ. ಅದರ ಮೇಲೆ ಕೆತ್ತಿದ ತಾಪಕ್ಕೆ, ಅನೇಕ ಎಟಿವಿಗಳಲ್ಲಿ 70ರಿಂದ 85 ಡಿಗ್ರಿಯೊಳಗೆ, ಬಾಯಿ ಬಿಡಲು ಶುರುಮಾಡಬೇಕು. ಕೆಟ್ಟ ಥರ್ಮೋಸ್ಟಾಟನ್ನು ತೆಗೆದು ಹಾಗೇ ಓಡಿಸುವುದು ಪರಿಹಾರವಲ್ಲ. ಎಂಜಿನ್ ಸರಿಯಾದ ತಾಪಕ್ಕೇರದೆ ಇಂಧನ ಎಣ್ಣೆಗೆ ಸೇರಿ ಅದನ್ನು ತೆಳುವಾಗಿಸುತ್ತದೆ.

ವಾಟರ್ ಪಂಪಿನ ಅಡಿಯಲ್ಲಿ ಒಂದು ಸಣ್ಣ ರಂಧ್ರವಿರುತ್ತದೆ. ಅಲ್ಲಿಂದ ಕೂಲೆಂಟ್ ತೊಟ್ಟಿಕ್ಕಿದರೆ ಒಳಗಿನ ಸೀಲ್ ಹೋಗಿದೆ ಎಂದರ್ಥ. ತೊಟ್ಟಿಕ್ಕುವುದು ನಿಲ್ಲಲೆಂದು ಆ ರಂಧ್ರವನ್ನು ಮುಚ್ಚಿದರೆ ಕೂಲೆಂಟ್ ಎಂಜಿನ್ ಆಯಿಲ್ ಕಡೆಗೆ ನುಗ್ಗಬಹುದು.

ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷಕ್ಕೇ ಹೋಸ್ ಕಲ್ಲಿನಂತೆ ಗಟ್ಟಿಯಾದರೆ, ತಣ್ಣಗಿದ್ದಾಗ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿದಾಗ ಗುಳ್ಳೆಗಳು ನಿಲ್ಲದೆ ಬರುತ್ತಿದ್ದರೆ, ಹೆಡ್ ಗ್ಯಾಸ್ಕೆಟ್ (ಸಿಲಿಂಡರ್ ಮತ್ತು ಹೆಡ್ ನಡುವಿನ ಸೀಲ್) ಸೋರಿ ಉರಿದ ಅನಿಲ ಕೂಲೆಂಟಿಗೆ ನುಗ್ಗುತ್ತಿರುವ ಸಾಧ್ಯತೆಯೇ ಹೆಚ್ಚು. ಸೈಲೆನ್ಸರಿನಿಂದ ಸಿಹಿ ವಾಸನೆಯ ಬಿಳಿ ಹೊಗೆ ಬಂದರೆ, ಆಯಿಲ್ ಹಾಲು ಬೆರೆಸಿದಂತೆ ಕಂಡರೆ ಗಾಡಿ ಓಡಿಸುವುದನ್ನು ಅಲ್ಲಿಗೇ ನಿಲ್ಲಿಸಿ.

ರಿಪೇರಿ ಮುಗಿಸಿ ಕೂಲೆಂಟ್ ತುಂಬುವಾಗ ಗಾಡಿಯ ಮುಂಭಾಗ ಎತ್ತರದಲ್ಲಿರಲಿ, ಆಗ ಗಾಳಿ ಮುಚ್ಚಳದ ಕಡೆ ಏರಿ ಬರುತ್ತದೆ. ಗಾಳಿ ಹೊರಬಿಡುವ ಬ್ಲೀಡ್ ಸ್ಕ್ರೂ ಇದ್ದರೆ ಗುಳ್ಳೆಯಿಲ್ಲದ ಧಾರೆ ಬರುವವರೆಗೂ ಸಡಿಲಿಸಿಟ್ಟು ಬಿಗಿಯಿರಿ. ನಲ್ಲಿ ನೀರಿನ ಬದಲು ಡಿಸ್ಟಿಲ್ಡ್ ನೀರು ಬೆರೆಸಿ. ಗಡಸು ನೀರಿನ ಲವಣ ಒಳಗೋಡೆಗೆ ಅಂಟಿ ಶಾಖವನ್ನು ತಡೆಯುತ್ತದೆ. ಒಂದು ಸುತ್ತು ಓಡಿಸಿ, ಪೂರ್ತಿ ತಣಿದ ಮೇಲೆ ಮಟ್ಟವನ್ನು ಮತ್ತೊಮ್ಮೆ ನೋಡಿ, ಇಳಿದಿದ್ದರೆ ತುಂಬಿ. ನೆಲಕ್ಕೆ ಚೆಲ್ಲಿದ ಕೂಲೆಂಟನ್ನು ಒರೆಸಿ ತೆಗೆಯಿರಿ. ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುತ್ತದೆ, ನಾಯಿ ಬೆಕ್ಕುಗಳು ನೆಕ್ಕುತ್ತವೆ, ಸ್ವಲ್ಪವೇ ಸೇರಿದರೂ ಅವುಗಳ ಮೂತ್ರಪಿಂಡ ಹಾಳಾಗಿ ಸಾಯುತ್ತವೆ.