ಹಳೇ ಕಾಯ್ದೆ ರದ್ದಾದ್ರೆ ಆ ಅಧಿಕಾರವೂ ಹೋಗುತ್ತಾ?

ಪ್ರಶ್ನೆ: "ಬ್ರಿಟಿಷರ ಕಾಲದ 144ನೇ ಸೆಕ್ಷನ್ ತೆಗೆದುಹಾಕಿದ್ರು ಅಂತಾರೆ. ಆದ್ರೂ ದಾವಣಗೆರೆಯಲ್ಲಿ ಪರೀಕ್ಷೆ ಬಂದ್ರೆ, ಗಲಾಟೆ ಆದ್ರೆ ನಿಷೇಧಾಜ್ಞೆ ಹಾಕ್ತಾನೇ ಇದ್ದಾರಲ್ಲ, ಹೇಗೆ?"

ಬದಲಾಗಿದ್ದು ನಂಬರ್, ಅಷ್ಟೇ. 2024ರ ಜುಲೈ 1ರಿಂದ ಸಿಆರ್‌ಪಿಸಿ (144 ಇದ್ದ ದಂಡ ಪ್ರಕ್ರಿಯಾ ಸಂಹಿತೆ) ಹೋಗಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂತು. ಅದರಲ್ಲಿ 144ರ ಕೆಲಸವನ್ನು ಈಗ 163 ಮಾಡುತ್ತಿದೆ. ಆದೇಶದ ಆಯಸ್ಸು ಈಗಲೂ ಎರಡು ತಿಂಗಳು, ರಾಜ್ಯ ಸರ್ಕಾರ ಬೇಕೆಂದರೆ ಇನ್ನೂ ಆರು ತಿಂಗಳವರೆಗೆ ಎಳೆಯಬಹುದು. ಪರೀಕ್ಷಾ ಕೇಂದ್ರದ ಸುತ್ತ 200 ಮೀಟರ್‌ನಲ್ಲಿ ಜೆರಾಕ್ಸ್ ಅಂಗಡಿ ಮುಚ್ಚಿಸೋದೂ ಇದೇ ಸೆಕ್ಷನ್, ಜಯದೇವ ಸರ್ಕಲ್‌ನಲ್ಲಿ ಧರಣಿ ಕೂರೋರನ್ನ ಎಬ್ಬಿಸೋಕೆ ಬಳಸಬಹುದಾದದ್ದೂ ಇದೇ. ನನಗೆ ಚಿಂತೆ ಇರೋದು ಇಲ್ಲೇ: ಅಷ್ಟು ಅಗಲವಾದ ಅಧಿಕಾರವನ್ನ ಯಾರೂ ಕಿರಿದು ಮಾಡಲಿಲ್ಲ.

ಹಿಂದೆಯೂ ಹೀಗೇ ಆಗಿದೆ. ತುರ್ತು ಪರಿಸ್ಥಿತಿಯಲ್ಲಿ ವಿಚಾರಣೆಯಿಲ್ಲದೆ ಜನರನ್ನ ಜೈಲಿಗೆ ತಳ್ಳಿದ ಮೀಸಾ ಕಾಯ್ದೆ 1978ರಲ್ಲಿ ರದ್ದಾಯಿತು. ಎರಡೇ ವರ್ಷಕ್ಕೆ, 1980ರಲ್ಲಿ, ರಾಷ್ಟ್ರೀಯ ಭದ್ರತಾ ಕಾಯ್ದೆ ಬಂತು, ಅದರಡಿ 12 ತಿಂಗಳವರೆಗೆ ವಿಚಾರಣೆಯಿಲ್ಲದೆ ಒಳಗಿಡಬಹುದು. ಭಯೋತ್ಪಾದನೆ ತಡೆಯೋಕೆ ತಂದ ಟಾಡಾ ಕಾಯ್ದೆ 1995ರಲ್ಲಿ ಮುಗಿದರೂ ಹಳೇ ಕೇಸುಗಳು ನಡೆದೇ ನಡೆದವು. 2004ರಲ್ಲಿ ಅಂಥದ್ದೇ ಇನ್ನೊಂದು ಕಾಯ್ದೆ ಪೋಟಾ ಹೋಯ್ತು, ಅದೇ ವರ್ಷ ಅದರ ಎಷ್ಟೋ ಅಂಶಗಳು ಯುಎಪಿಎ (ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆ) ಒಳಗೆ ಸೇರಿದವು.

ಹಾಗಂತ ಏನೂ ಆಗಲ್ಲ ಅಂತಲ್ಲ. 1978ರ ಸಂವಿಧಾನದ 44ನೇ ತಿದ್ದುಪಡಿ ನೋಡಿ. ತುರ್ತು ಪರಿಸ್ಥಿತಿ ಘೋಷಿಸೋಕೆ ಇದ್ದ 'ಆಂತರಿಕ ಗಲಭೆ' ಅನ್ನೋ ಸಡಿಲ ಕಾರಣ ತೆಗೆದು 'ಸಶಸ್ತ್ರ ಬಂಡಾಯ' ಅಂತ ಬಿಗಿ ಮಾಡಿದರು. ಸಂಪುಟದ ನಿರ್ಧಾರ ಲಿಖಿತವಾಗಿ ಬಂದರೆ ಮಾತ್ರ ರಾಷ್ಟ್ರಪತಿ ಘೋಷಿಸಬಹುದು, ಒಂದು ತಿಂಗಳೊಳಗೆ ಸಂಸತ್ತು ಒಪ್ಪಬೇಕು, ಆರು ತಿಂಗಳಿಗೊಮ್ಮೆ ಮತ್ತೆ ಒಪ್ಪಬೇಕು, ಮತ್ತೆ ಜೀವದ ಹಕ್ಕನ್ನ ತುರ್ತು ಪರಿಸ್ಥಿತಿಯಲ್ಲೂ ಮುಟ್ಟೋ ಹಾಗಿಲ್ಲ. ಅಧಿಕಾರ ನಿಜವಾಗಿ ಕಡಿಮೆಯಾದದ್ದು ಹೀಗೆ. ರದ್ದು ಅಂತ ಸುದ್ದಿ ಬಂದಾಗ ಕಾರಣ, ಅವಧಿ, ಯಾರು ಪ್ರಶ್ನಿಸಬಹುದು, ಇವು ಬದಲಾದವಾ ಅಂತ ನೋಡಿ.

ಪ್ರಶ್ನಿಸೋ ದಾರಿ 163ರಲ್ಲೇ ಇದೆ, ಜಾಸ್ತಿ ಜನ ಬಳಸಲ್ಲ. ಆದೇಶದಿಂದ ತೊಂದರೆ ಆದವರು, ಆ ಜೆರಾಕ್ಸ್ ಅಂಗಡಿಯವರೂ ಸೇರಿ, ರದ್ದು ಮಾಡಿ ಅಂತ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಕೊಡಬಹುದು. ಅವರು ಬೇಗ ಕರೆದು ಕೇಳಬೇಕು, ಆಗಲ್ಲ ಅಂದರೆ ಕಾರಣ ಬರೆದು ದಾಖಲಿಸಬೇಕು.